ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವುದು ಹೇಗೆ: ಮೊದಲ ಸೆಮಿಸ್ಟರಿನಿಂದ ಕಿರುಪ್ರಬಂಧದವರೆಗೆ

ಪಿಯುಸಿಯವರೆಗೆ ಇತಿಹಾಸವೆಂದರೆ ಪಠ್ಯಪುಸ್ತಕದಲ್ಲಿರುವುದನ್ನು ಓದಿ, ಎರಡು, ಐದು ಮತ್ತು ಹತ್ತು ಅಂಕದ ಪ್ರಶ್ನೆಗಳಿಗೆ ತಕ್ಕ ಅಳತೆಯಲ್ಲಿ ಬರೆಯುವ ವಿಷಯವಾಗಿರುತ್ತದೆ. ಅಲ್ಲಿ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಬಿ.ಎ. ಅಥವಾ ಎಂ.ಎ. ತರಗತಿಗೆ ಬಂದ ಮೇಲೆ ಕೇಳಬೇಕಾದ ಪ್ರಶ್ನೆಯೇ ಬೇರೆ. ಎರಡನೆಯ ಪುಲಿಕೇಶಿ ಹರ್ಷನನ್ನು ಸೋಲಿಸಿದನೆಂದು ನಮಗೆ ಯಾರು ಹೇಳಿದರು, ಅವರು ಯಾರ ಆಶ್ರಯದಲ್ಲಿದ್ದು ಹೇಳಿದರು, ಹರ್ಷನ ಕಡೆಯವರು ಅದೇ ಸಂಗತಿಯ ಬಗ್ಗೆ ಏನೆನ್ನುತ್ತಾರೆ ಎಂಬುದು ಇಲ್ಲಿನ ಪ್ರಶ್ನೆ. ಐಹೊಳೆಯ ಮೇಗುತಿ ಬಸದಿಯ ಗೋಡೆಯ ಮೇಲೆ ರವಿಕೀರ್ತಿಯು ಶಕ 556ರಲ್ಲಿ, ಅಂದರೆ ಕ್ರಿ.ಶ. 634-35ರಲ್ಲಿ ಬರೆಸಿದ ಪ್ರಶಸ್ತಿಯು ಆ ಗೆಲುವನ್ನು ಹಾಡುತ್ತದೆ. ಆದರೆ ರವಿಕೀರ್ತಿಯು ಪುಲಿಕೇಶಿಯ ಕೃಪೆಗೆ ಪಾತ್ರನಾಗಿದ್ದ ಕವಿ ಎಂಬುದನ್ನೂ ಅದೇ ಶಾಸನ ಹೇಳುತ್ತದೆ. ಈ ಎರಡು ಮಾತುಗಳನ್ನು ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡು ಓದಲು ಕಲಿಯುವುದೇ ಪದವಿಯ ವರ್ಷಗಳಲ್ಲಿ ಮಾಡಬೇಕಾದ ಮುಖ್ಯ ಕೆಲಸ. ಆಕರಗಳನ್ನು ಎಂ.ಎ. ಕೊನೆಯ ಸೆಮಿಸ್ಟರಿನಲ್ಲಿ ನೋಡಿದರೆ ಸಾಕೆಂಬ ರೂಢಿ ನಮ್ಮ ಅನೇಕ ಕಾಲೇಜುಗಳಲ್ಲಿದೆ. ಮೊದಲ ಸೆಮಿಸ್ಟರಿನಲ್ಲೇ, ಒಂದೇ ಒಂದು ಶಾಸನವನ್ನಾದರೂ ಪೂರ್ಣವಾಗಿ ಓದಿ ಆರಂಭಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಈ ಬರಹದಲ್ಲಿ ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಓದುವವರನ್ನು ಕಣ್ಣಮುಂದಿಟ್ಟುಕೊಂಡು ಆ ಕ್ರಮವನ್ನು ವಿವರಿಸಿದ್ದೇನೆ.

ಮೊದಲ ತಿಂಗಳು

ಕಾಲಾನುಕ್ರಮ ಬಾರದೆ ಇತಿಹಾಸ ಬಾರದು. ಕದಂಬರು, ಗಂಗರು, ಬಾದಾಮಿಯ ಚಾಲುಕ್ಯರು, ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಸೇವುಣರು, ಹೊಯ್ಸಳರು, ವಿಜಯನಗರ, ಬಹಮನಿಗಳು, ಆದಿಲ್ ಶಾಹಿಗಳು, ನಾಯಕರು, ಮೈಸೂರು ಒಡೆಯರು, ಹೈದರ್ ಮತ್ತು ಟಿಪ್ಪು, ಬ್ರಿಟಿಷ್ ಕಮಿಷನರರ ಆಡಳಿತ ಎಂಬ ಸಾಲನ್ನು ಮೊದಲ ತಿಂಗಳಲ್ಲೇ ಗಟ್ಟಿಮಾಡಿಕೊಳ್ಳಿ. ಯಾರ ಪಕ್ಕದಲ್ಲಿ ಯಾರು ಆಳುತ್ತಿದ್ದರು, ಯಾರು ಯಾರಿಗೆ ಸಾಮಂತರಾಗಿದ್ದರು ಎಂಬುದು ಸಾಲಿಗಿಂತ ಮುಖ್ಯವಾದ್ದರಿಂದ, ಒಂದು ದೊಡ್ಡ ಹಾಳೆಯಲ್ಲಿ ಶತಮಾನಗಳನ್ನು ಅಡ್ಡಲಾಗಿಯೂ ಪ್ರದೇಶಗಳನ್ನು ಉದ್ದಕ್ಕೂ ಬರೆದು ಆ ಮನೆತನಗಳನ್ನು ಅದರಲ್ಲಿ ತುಂಬಿಸುವುದು ಒಳ್ಳೆಯದು. ಜೊತೆಗೆ ತಾಲ್ಲೂಕುಗಳ ಗಡಿಗಳಿರುವ ಕರ್ನಾಟಕದ ಭೂಪಟವೊಂದು ಓದುವ ಮೇಜಿನ ಮೇಲೆ ಸದಾ ಇರಲಿ. ಬನವಾಸಿ 12000, ಗಂಗವಾಡಿ 96000, ಬೆಳ್ವೊಲ 300 ಎಂದು ಶಾಸನಗಳಲ್ಲಿ ಹೆಸರಿನೊಂದಿಗೇ ಸಂಖ್ಯೆ ಸೇರಿ ಬರುವ ನಾಡುಗಳು ಇಂದಿನ ಯಾವ ತಾಲ್ಲೂಕುಗಳಲ್ಲಿ ಬೀಳುತ್ತವೆ ಎಂಬುದು ತಿಳಿಯದಿದ್ದರೆ, ಯುದ್ಧಗಳು ಯಾವ ನೆಲಕ್ಕಾಗಿ ನಡೆದವು ಎಂಬುದೂ ತಿಳಿಯುವುದಿಲ್ಲ.

ತರಗತಿಯ ನೋಟ್ಸಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಧ್ಯಾಪಕರು ಹೇಳಿದ್ದನ್ನು ಎಡಪುಟದಲ್ಲಿಯೂ, ಅದೇ ವಿಷಯದ ಬಗ್ಗೆ ನೀವು ಗ್ರಂಥಾಲಯದಲ್ಲಿ ಓದಿದ್ದನ್ನು ಬಲಪುಟದಲ್ಲಿಯೂ ಬರೆದುಕೊಳ್ಳಿ. ಪುಸ್ತಕದಿಂದ ತೆಗೆದುಕೊಂಡ ಪ್ರತಿಯೊಂದು ಸಂಗತಿಯ ಪಕ್ಕದಲ್ಲಿ ಪುಟದ ಸಂಖ್ಯೆಯನ್ನು ಆಗಲೇ ಬರೆಯಿರಿ, ಏಕೆಂದರೆ ಎರಡು ವರ್ಷಗಳ ನಂತರ ಕಿರುಪ್ರಬಂಧ ಬರೆಯುವಾಗ ಆ ಸಂಖ್ಯೆಯನ್ನು ಹುಡುಕಲು ವಾರಗಟ್ಟಲೆ ಕಾಲ ವ್ಯಯವಾಗುತ್ತದೆ. ಕೆ.ಎ.ಎಸ್. ಅಥವಾ ಇತರ ಸ್ಪರ್ಧಾತ್ಮಕ ಪರೀಕ್ಷೆಗಳಿಗಾಗಿ ಇತಿಹಾಸವನ್ನು ಆಯ್ದುಕೊಂಡವರು ಬಹಳ ಮಂದಿ ಇದ್ದಾರೆ ಮತ್ತು ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಪರೀಕ್ಷೆಯ ಕೈಪಿಡಿಯನ್ನೇ ಪದವಿಯ ಪಠ್ಯವೆಂದು ಭಾವಿಸಬಾರದು. ಕೈಪಿಡಿಯು ವಾದವಿವಾದಗಳನ್ನೆಲ್ಲ ಅಳಿಸಿ ಒಂದು ಇಸವಿ, ಒಂದು ಹೆಸರು, ಒಂದು ಕಾರಣವನ್ನು ಉಳಿಸುತ್ತದೆ, ಮತ್ತು ವಿಶ್ವವಿದ್ಯಾಲಯದಲ್ಲಿ ನೀವು ಕಲಿಯಬೇಕಾದದ್ದು ಹಾಗೆ ಅಳಿಸಿಹೋದ ಭಾಗವನ್ನೇ.

ಒಂದು ಶಾಸನವನ್ನು ಓದುವ ಬಗೆ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನವನ್ನು ಅಭ್ಯಾಸಕ್ಕೆ ತೆಗೆದುಕೊಳ್ಳೋಣ. ಅದು ತೀರ ದೊಡ್ಡದಲ್ಲ, ಮುಖ್ಯ ರಾಜಕೀಯ ಘಟನೆಯೊಂದನ್ನು ಹೇಳುತ್ತದೆ, ಮತ್ತು ಕಲ್ಲನ್ನು ಕಣ್ಣಾರೆ ನೋಡುವ ಅವಕಾಶವಿದೆ. ಮೊದಲು ಅದರ ಪಾಠವನ್ನು, ಅಂದರೆ ಕಲ್ಲಿನ ಬರಹದ ಅಚ್ಚಾದ ರೂಪವನ್ನು, ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನಮಾಲೆಯ ಸಂಪುಟದಲ್ಲಿ ಹುಡುಕಬೇಕು. ಬಿ.ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿದ ಈ ಮಾಲೆಯಲ್ಲಿ ಶಾಸನಗಳನ್ನು ತಾಲ್ಲೂಕಿನ ಹೆಸರು ಮತ್ತು ಸಂಖ್ಯೆಯಿಂದ ಗುರುತಿಸಲಾಗಿದೆ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟ ಮತ್ತು ಸಂಖ್ಯೆಗಳು ಬದಲಾಗಿರುವುದರಿಂದ, ಯಾವ ಆವೃತ್ತಿಯನ್ನು ನೋಡಿದಿರಿ ಎಂಬುದನ್ನು ಬರೆಯದೆ ಶಾಸನದ ಸಂಖ್ಯೆಯನ್ನಷ್ಟೇ ಕೊಟ್ಟರೆ ಓದುವವರು ಬೇರೊಂದು ಶಾಸನಕ್ಕೆ ಹೋಗಿ ನಿಲ್ಲುತ್ತಾರೆ.

ಪಾಠ ಸಿಕ್ಕ ಮೇಲೆ ಮೊದಲ ಕೆಲಸ ಕಾಲನಿರ್ಣಯ. ಶಾಸನದಲ್ಲಿ ಶಕ ವರ್ಷ 872, ಸೌಮ್ಯ ಸಂವತ್ಸರ ಎಂದಿದೆ. ಶಕ ವರ್ಷಕ್ಕೆ 78 ಕೂಡಿಸಬೇಕೆಂಬ ಸೂತ್ರದಂತೆ ನೋಡಿದರೆ 950 ಬರುತ್ತದೆ. ಆದರೆ ಅಷ್ಟಕ್ಕೇ ನಿಲ್ಲಬಾರದು. ಸಂವತ್ಸರವನ್ನು ಬೇರೆಯಾಗಿ ಪರೀಕ್ಷಿಸಬೇಕು. ಸೌಮ್ಯವು ಅರವತ್ತು ಸಂವತ್ಸರಗಳಲ್ಲಿ ನಲವತ್ತಮೂರನೆಯದು. ನಮ್ಮ ಪಂಚಾಂಗದ ಪ್ರಕಾರ ಅದು 2029ರ ಯುಗಾದಿಯಂದು ಮತ್ತೆ ಬರುತ್ತದೆ, ಅಲ್ಲಿಂದ ಹದಿನೆಂಟು ಆವರ್ತಗಳನ್ನು, ಅಂದರೆ 1080 ವರ್ಷಗಳನ್ನು ಕಳೆದರೆ 949 ಬರುತ್ತದೆ. ಒಂದು ವರ್ಷದ ಈ ವ್ಯತ್ಯಾಸವು ಶಾಸನಕಾರನ ತಪ್ಪಲ್ಲ. ಶಕ ವರ್ಷವನ್ನು ಮುಗಿದುಹೋದ ವರ್ಷವಾಗಿ ಎಣಿಸುವ ಗತವರ್ಷದ ಪದ್ಧತಿಯೂ, ನಡೆಯುತ್ತಿರುವ ವರ್ಷವಾಗಿ ಎಣಿಸುವ ವರ್ತಮಾನ ವರ್ಷದ ಪದ್ಧತಿಯೂ ಬಳಕೆಯಲ್ಲಿದ್ದವು, ಇಲ್ಲಿರುವುದು ಎರಡನೆಯದು. ಆದ್ದರಿಂದ ಶಾಸನದ ಕಾಲ ಕ್ರಿ.ಶ. 949-50. ಇದಕ್ಕಿಂತ ಹಳೆಯ ಶಾಸನಗಳಲ್ಲಿ ಸಂವತ್ಸರದ ಲೆಕ್ಕ ಯಾವಾಗಲೂ ಇಷ್ಟು ಸರಳವಾಗಿ ಕೂಡಿಬರುವುದಿಲ್ಲ, ಆದರೂ ಈ ಅಭ್ಯಾಸವನ್ನು ಒಮ್ಮೆ ಮಾಡಿದವರು ಇಸವಿಯನ್ನು ಇನ್ನೊಬ್ಬರ ಪುಸ್ತಕದಿಂದ ಕಣ್ಣುಮುಚ್ಚಿ ಎತ್ತಿಕೊಳ್ಳುವುದಿಲ್ಲ.

ಮುಂದಿನದು, ಶಾಸನ ಹೇಳುವ ವಿಷಯವನ್ನು ಅದು ಹೇಳುವ ಕ್ರಮದಲ್ಲೇ ನಮ್ಮ ಮಾತಿನಲ್ಲಿ ಬರೆಯುವುದು. ರಾಷ್ಟ್ರಕೂಟರ ಮೂರನೆಯ ಕೃಷ್ಣನು ಇಂದಿನ ತಮಿಳುನಾಡಿನ ಅರಕ್ಕೋಣದ ಬಳಿಯ ತಕ್ಕೋಲದಲ್ಲಿ ಚೋಳ ರಾಜಾದಿತ್ಯನ ಮೇಲೆ ಯುದ್ಧಮಾಡಿದಾಗ ಗಂಗ ದೊರೆ ಇಮ್ಮಡಿ ಬೂತುಗನು ಕೃಷ್ಣನ ಪಕ್ಷದಲ್ಲಿದ್ದನು. ಬೂತುಗನ ಆಳು ಮಣಲೆರನು ಆ ಯುದ್ಧದಲ್ಲಿ ಕಾದಿ ಮೆಚ್ಚುಗೆ ಪಡೆದನು. ಬೇಕಾದ್ದನ್ನು ಕೇಳೆಂದು ಒಡೆಯನು ಹೇಳಿದಾಗ ಅವನು ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಆ ನಾಯಿಯು ದೊಡ್ಡ ಕಾಡುಹಂದಿಯೊಂದಿಗೆ ಹೋರಾಡಿತು, ನಾಯಿಯೂ ಹಂದಿಯೂ ಎರಡೂ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿಯಾಗಿ ಬಿಟ್ಟು, ಅಲ್ಲಿನ ಗೊರವನು (ಶೈವ ಅರ್ಚಕನು) ಆ ಕಲ್ಲಿಗೆ ಪೂಜೆ ಸಲ್ಲಿಸದೆ ಊಟಮಾಡಿದರೆ ಪಾಪಕ್ಕೆ ಗುರಿಯಾಗುವನೆಂದು ಬರೆಸಿದರು. ಕಲ್ಲಿನ ಮೇಲೆ ನಾಯಿ ಮತ್ತು ಹಂದಿಯ ಕಾಳಗವನ್ನು ಕೆತ್ತಿದ್ದಾರೆ. ಅದೇ ಕಲ್ಲಿನಲ್ಲಿ, ರಾಜಾದಿತ್ಯನನ್ನು ಕೊಂದ ಬೂತುಗನಿಗೆ ಕೃಷ್ಣನು ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಪ್ರದೇಶಗಳನ್ನು ಕೊಟ್ಟ ಸಂಗತಿಯೂ ಇದೆ.

ಈಗ ಪ್ರಶ್ನೆಗಳು ಏಳುತ್ತವೆ. ಪಠ್ಯಪುಸ್ತಕವು ಈ ಶಾಸನದಿಂದ ತಕ್ಕೋಲದ ಯುದ್ಧವನ್ನು ಮಾತ್ರ ತೆಗೆದುಕೊಳ್ಳುತ್ತದೆ. ಆದರೆ ಕಲ್ಲನ್ನು ನಿಲ್ಲಿಸಿದ್ದು ಯುದ್ಧಕ್ಕಾಗಿ ಅಲ್ಲ, ಒಂದು ನಾಯಿಗಾಗಿ. ಸೇವಕನೊಬ್ಬನು ಒಡೆಯನಿಂದ ಊರನ್ನೋ ಚಿನ್ನವನ್ನೋ ಕೇಳದೆ ನಾಯಿಯನ್ನು ಕೇಳಿದ್ದು ಆಗಿನ ಒಡೆಯ ಮತ್ತು ಆಳಿನ ಸಂಬಂಧದ ಬಗ್ಗೆ ಏನು ಹೇಳುತ್ತದೆ? ಬೂತುಗನು ಮಣಲೆರನಿಗೆ ಊರುಗಳನ್ನೂ ಕೊಟ್ಟನೆಂದು ಶಾಸನದ ಇನ್ನೊಂದು ಭಾಗ ಹೇಳುವುದರಿಂದ, ಮೊದಲಿನ ಆ ಬೇಡಿಕೆ ನಿಷ್ಠೆಯನ್ನು ತೋರುವ ಒಂದು ರೀತಿಯಾಗಿತ್ತೇ? ಚಕ್ರವರ್ತಿಯು ಸಾಮಂತನಿಗೆ, ಸಾಮಂತನು ತನ್ನ ಆಳಿಗೆ ಭೂಮಿ ಕೊಡುವ ಏಣಿಯಂತಹ ವ್ಯವಸ್ಥೆಯು ಒಂದೇ ಕಲ್ಲಿನಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುವುದು ಅಪರೂಪ. ಇನ್ನು ಚೋಳರ ಕಡೆಯ ಮಾತನ್ನೂ ಕೇಳಬೇಕು. ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ನಂತರ ಬರೆಸಿದ ಲೈಡನ್ ತಾಮ್ರಪಟಗಳು ರಾಜಾದಿತ್ಯನು ಕೃಷ್ಣನ ಸೈನ್ಯವನ್ನು ನಡುಗಿಸಿ, ಆನೆಯ ಮೇಲೆ ಕುಳಿತಿರುವಾಗಲೇ ಬಾಣ ನೆಟ್ಟು ವೀರಸ್ವರ್ಗಕ್ಕೆ ಹೋದನೆಂದು ಹೇಳುತ್ತವೆ. ಎರಡು ಕಡೆಯವರೂ ಅವನ ಸಾವನ್ನು ಒಪ್ಪುತ್ತಾರೆ. ಸೋಲನ್ನು ಹೇಳುವ ಬಗೆ ಮಾತ್ರ ಬೇರೆ. ಎರಡು ಎದುರಾಳಿ ಆಕರಗಳು ಯಾವ ಸಂಗತಿಯಲ್ಲಿ ಒಮ್ಮತ ತೋರುತ್ತವೆಯೋ ಅದನ್ನು ಹೆಚ್ಚು ಧೈರ್ಯದಿಂದ ಸಂಗತಿಯೆಂದು ಬರೆಯಬಹುದು. ಉಳಿದದ್ದನ್ನು ‘ಗಂಗರ ಶಾಸನ ಹೀಗೆನ್ನುತ್ತದೆ’, ‘ಚೋಳರ ತಾಮ್ರಪಟ ಹೀಗೆನ್ನುತ್ತದೆ’ ಎಂದು ಹೇಳುವವರ ಹೆಸರಿನೊಂದಿಗೇ ಬರೆಯಬೇಕು.

ಇಷ್ಟನ್ನು ನಾಲ್ಕೈದು ಪುಟಗಳಲ್ಲಿ ಬರೆದು ಅಧ್ಯಾಪಕರಿಗೆ ತೋರಿಸಿ. ಇಂಟರ್ನಲ್ ಅಂಕಕ್ಕಾಗಿ ಕೊಡುವ ನಿಯೋಜಿತ ಬರಹಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಸಿಗಲಾರದು.

ಪ್ರವಾಸಿಗಳೂ ಅಂಕಿಸಂಖ್ಯೆಗಳೂ

ವಿದೇಶಿ ಪ್ರವಾಸಿಗಳ ಬರಹವನ್ನು ಉದ್ಧರಣೆಗಳಲ್ಲಿ ಮಾತ್ರ ಓದುವ ಅಭ್ಯಾಸವನ್ನು ಬಿಡಿ. ವಿಜಯನಗರವನ್ನು ವರ್ಣಿಸಿದ ಪೋರ್ಚುಗೀಸರಾದ ಡೊಮಿಂಗೊ ಪಾಯಸ್ ಮತ್ತು ಫೆರ್ನಾವ್ ನೂನಿಜರ ವೃತ್ತಾಂತಗಳು ರಾಬರ್ಟ್ ಸೀವೆಲ್ಲರ 1900ರ ಗ್ರಂಥದಲ್ಲಿ ಇಂಗ್ಲಿಷಿನಲ್ಲಿ ಪೂರ್ಣವಾಗಿ ಸಿಗುತ್ತವೆ. ಪಾಯಸನು ಕೃಷ್ಣದೇವರಾಯನ ಕಾಲದ ಮಹಾನವಮಿಯನ್ನು ಸ್ವತಃ ಕಂಡು ಬರೆದವನು. ನೂನಿಜನು ಕುದುರೆ ವ್ಯಾಪಾರಿಯಾಗಿ ಅಚ್ಯುತರಾಯನ ಕಾಲದಲ್ಲಿದ್ದವನು, ಅವನು ಹೇಳುವ ಹಿಂದಿನ ಅರಸರ ಕಥೆಗಳು ಕೇಳಿ ಬರೆದವು. ಪರೀಕ್ಷೆಯ ಉತ್ತರದಲ್ಲಿ ಇಬ್ಬರ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇವೆ, ಆದರೆ ಕಂಡ ಸಾಕ್ಷಿಗೂ ಕೇಳಿದ ಸಾಕ್ಷಿಗೂ ಒಂದೇ ತೂಕ ಕೊಡಲಾಗದು.

ಆಧುನಿಕ ಕಾಲಕ್ಕೆ ಬಂದಾಗ ಅಂಕಿಸಂಖ್ಯೆಗಳು ತಾವೇ ಸತ್ಯ ಹೇಳುತ್ತವೆಂಬ ಭ್ರಮೆ ಮೂಡುತ್ತದೆ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50.5 ಲಕ್ಷವಿದ್ದದ್ದು 1881ರ ಗಣತಿಯಲ್ಲಿ ಸುಮಾರು 41.9 ಲಕ್ಷಕ್ಕೆ ಇಳಿಯಿತು. ನಡುವೆ 1876-78ರ ಭೀಕರ ಬರಗಾಲವಿತ್ತು. ಎಂಟೂವರೆ ಲಕ್ಷಕ್ಕೂ ಹೆಚ್ಚಿನ ಈ ಇಳಿಕೆಯನ್ನು ಬರದಲ್ಲಿ ಸತ್ತವರ ಸಂಖ್ಯೆಯೆಂದು ನೇರವಾಗಿ ಬರೆದುಬಿಡುವುದು ಸುಲಭ. ಆದರೆ ಊರುಬಿಟ್ಟು ಹೋಗಿ ಮರಳದವರು ಅದರಲ್ಲಿದ್ದಾರೆ, ಬರದ ವರ್ಷಗಳಲ್ಲಿ ಹುಟ್ಟದೇ ಹೋದ ಮಕ್ಕಳ ಲೆಕ್ಕವೂ ಅದರಲ್ಲಿ ಸೇರಿದೆ, ಮತ್ತು 1871ರಿಂದ 1876ರವರೆಗೆ ಬೆಳೆದಿರಬಹುದಾದ ಜನಸಂಖ್ಯೆಯನ್ನು ಅದು ತೋರಿಸುವುದೇ ಇಲ್ಲ. ನಿಜವಾದ ಸಾವುಗಳು ಆ ವ್ಯತ್ಯಾಸಕ್ಕಿಂತ ಹೆಚ್ಚಿರಲೂಬಹುದು, ಕಡಿಮೆಯಿರಲೂಬಹುದು. ನಿಮ್ಮ ಜಿಲ್ಲೆಯ ಅಂಕಿಗಳನ್ನು ತಾಲ್ಲೂಕುವಾರು ಹೋಲಿಸಿ ನೋಡಿದರೆ ಬರವು ಎಲ್ಲ ಕಡೆ ಒಂದೇ ರೀತಿ ಕಾಡಲಿಲ್ಲವೆಂಬುದು ತಿಳಿಯುತ್ತದೆ, ಏಕೆ ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ.

ಪತ್ರಾಗಾರಕ್ಕೆ ಹೋಗುವ ಮುನ್ನ

ಕರ್ನಾಟಕದ ಆಧುನಿಕ ಇತಿಹಾಸದ ದಾಖಲೆಗಳು ಒಂದೇ ಕಡೆ ಇಲ್ಲ, ಮತ್ತು ಅದಕ್ಕೆ ಕಾರಣವೂ ಇತಿಹಾಸವೇ. 1956ರ ನವೆಂಬರ್ 1ರವರೆಗೆ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಹಳೆಯ ಮೈಸೂರಿನ ಕಡತಗಳನ್ನು ಬೆಂಗಳೂರಿನ ವಿಕಾಸಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ನೋಡಬೇಕು. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡಗಳ ಮೇಲಿನ ಹಂತದ ಕಡತಗಳಿಗೆ ಮುಂಬೈಗೂ, ಪೇಶ್ವೆಯವರ ಕಾಲದ ದಫ್ತರಕ್ಕೆ ಪುಣೆಗೂ ಹೋಗಬೇಕಾಗುತ್ತದೆ. ಕಲಬುರಗಿ, ಬೀದರ್, ರಾಯಚೂರುಗಳ ನಿಜಾಮ ಸರ್ಕಾರದ ದಾಖಲೆಗಳು ಹೈದರಾಬಾದಿನಲ್ಲಿವೆ, ದಕ್ಷಿಣ ಕನ್ನಡ ಮತ್ತು ಬಳ್ಳಾರಿಯ ದಾಖಲೆಗಳು ಚೆನ್ನೈಯಲ್ಲಿವೆ. ಮೈಸೂರಿನಲ್ಲಿದ್ದ ಬ್ರಿಟಿಷ್ ಸರ್ಕಾರದ ಪ್ರತಿನಿಧಿಗಳಾದ ರೆಸಿಡೆಂಟರು ಕಲ್ಕತ್ತ ಮತ್ತು ದೆಹಲಿಯೊಂದಿಗೆ ನಡೆಸಿದ ಪತ್ರವ್ಯವಹಾರದ ದೊಡ್ಡ ಭಾಗ ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯದಲ್ಲಿದ್ದು, ಅದರ ಅನೇಕ ಕಡತಗಳನ್ನು ‘ಅಭಿಲೇಖ್ ಪಟಲ್’ ತಾಣದಲ್ಲಿ ಮನೆಯಿಂದಲೇ ನೋಡಬಹುದು. ಬಾಸೆಲ್ ಮಿಷನ್ನಿನವರು ಮಂಗಳೂರು ಮತ್ತು ಧಾರವಾಡದ ಕಡೆ ಮಾಡಿದ ಕೆಲಸದ ಕಾಗದಪತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿವೆ, ಅವುಗಳಲ್ಲಿ ಬಹುಪಾಲು ಜರ್ಮನ್ ಭಾಷೆಯಲ್ಲಿವೆ. ಆದ್ದರಿಂದ ಕಿರುಪ್ರಬಂಧದ ವಿಷಯವನ್ನು ನಿರ್ಧರಿಸುವ ಮೊದಲು, ಅದರ ಕಡತಗಳು ಯಾವ ಊರಿನಲ್ಲಿವೆ, ಅಲ್ಲಿಗೆ ಹೋಗಿ ಕೆಲವು ವಾರ ಉಳಿಯುವ ಅನುಕೂಲ ನಿಮಗಿದೆಯೇ ಎಂಬುದನ್ನು ಯೋಚಿಸಬೇಕು.

ಪತ್ರಾಗಾರಗಳು ಸಾಮಾನ್ಯವಾಗಿ ವಿಭಾಗದ ಮುಖ್ಯಸ್ಥರ ಪತ್ರವನ್ನೂ ಗುರುತಿನ ಚೀಟಿಯನ್ನೂ ಕೇಳುತ್ತವೆ. ಹೋದ ದಿನವೇ ಕಡತ ಕೈಗೆ ಬರುತ್ತದೆಂದು ಎಣಿಸಬೇಡಿ. ಮೊದಲ ದಿನವನ್ನು ಸೂಚಿಗಳಿಗೆ ಮೀಸಲಿಡಿ: ಇಲಾಖೆ, ವರ್ಷ, ಕಡತದ ಸಂಖ್ಯೆ, ವಿಷಯ ಇಷ್ಟನ್ನೂ ಸೂಚಿಯಲ್ಲಿರುವಂತೆಯೇ ಬರೆದುಕೊಂಡು ಬೇಡಿಕೆ ಚೀಟಿ ಕೊಡಿ. ದೇವಾಲಯಗಳ ಬಗ್ಗೆ ಹುಡುಕುವವರು ಮುಜರಾಯಿ ಇಲಾಖೆಯ ಕಡತಗಳನ್ನಷ್ಟೇ ನೋಡಿ ಬಂದುಬಿಡುತ್ತಾರೆ. ಅದೇ ದೇವಾಲಯದ ಇನಾಂ ಭೂಮಿಯ ತಕರಾರು ಕಂದಾಯದ ಕಡತದಲ್ಲಿಯೂ, ಜಾತ್ರೆಯ ಗಲಾಟೆ ಪೊಲೀಸ್ ಕಡತದಲ್ಲಿಯೂ ಇರಬಹುದು. ಕಂದಾಯ ದಾಖಲೆಗಳಲ್ಲಿ ಫಸಲಿ ವರ್ಷ ಬಂದರೆ 590 ಕೂಡಿಸಿ ಕ್ರಿ.ಶ. ವರ್ಷವನ್ನು ತಿಳಿಯಬೇಕು, ಫಸಲಿ 1357 ಎಂದರೆ 1947-48. ಹಳೆಯ ಕಾಗದವನ್ನು ಮಡಿಕೆಯ ಗುಂಟ ಬಿಡಿಸುವಾಗ ಅವಸರ ಬೇಡ, ಬೆರಳನ್ನು ನಾಲಿಗೆಗೆ ತಾಗಿಸಿ ಪುಟ ತಿರುವುವುದಂತೂ ಬೇಡವೇ ಬೇಡ. ಪೆನ್ನಿನ ಬದಲು ಪೆನ್ಸಿಲ್ ಒಯ್ಯಿರಿ. ಕಡತ ತಂದುಕೊಡುವ ಸಿಬ್ಬಂದಿಗೆ ಯಾವ ಕಪಾಟಿನಲ್ಲಿ ಏನಿದೆಯೆಂಬ ತಿಳಿವಳಿಕೆ ಅಚ್ಚಾದ ಸೂಚಿಗಿಂತ ಹೆಚ್ಚಿರುತ್ತದೆ, ಅವರನ್ನು ವಿನಯದಿಂದ ಕೇಳಿದರೆ ಹುಡುಕಾಟದ ಅರ್ಧ ಶ್ರಮ ಉಳಿಯುತ್ತದೆ.

ಭಾಷೆ ಮತ್ತು ಲಿಪಿ

ನಮ್ಮ ವಿಭಾಗಗಳಲ್ಲಿ ಅತ್ಯಂತ ಕಡೆಗಣಿಸಲ್ಪಟ್ಟ ವಿಷಯ ಇದು ಎಂಬ ಕೊರಗು ನನ್ನಲ್ಲಿ ಬಹಳ ದಿನಗಳಿಂದ ಇದೆ. ಹನ್ನೆರಡನೆಯ ಶತಮಾನದ ಬಗ್ಗೆ ಸಂಶೋಧನೆ ಮಾಡುವವರಿಗೆ ಹಳಗನ್ನಡ ಬಾರದಿದ್ದರೆ, ಆದಿಲ್ ಶಾಹಿಗಳ ಬಗ್ಗೆ ಬರೆಯುವವರಿಗೆ ಪಾರಸಿಯ ಅಕ್ಷರವೂ ತಿಳಿಯದಿದ್ದರೆ, ಅವರು ಅನುವಾದಕರು ಆರಿಸಿಕೊಟ್ಟಷ್ಟನ್ನೇ ಕಾಣಬಲ್ಲರು. ಉತ್ತರ ಕರ್ನಾಟಕದ ಮರಾಠರ ಕಾಲದ ಕಾಗದಗಳು ಮೋಡಿ ಎಂಬ ಹಳೆಯ ಮರಾಠಿ ಲಿಪಿಯಲ್ಲಿವೆ, ಅವುಗಳನ್ನು ಓದಬಲ್ಲವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಎಲ್ಲವನ್ನೂ ಕಲಿಯಲು ಯಾರಿಂದಲೂ ಆಗದು. ನಿಮ್ಮ ಆಸಕ್ತಿಯ ಕಾಲವನ್ನು ಬಿ.ಎ. ಎರಡನೆಯ ವರ್ಷದ ಹೊತ್ತಿಗೆ ಸ್ಥೂಲವಾಗಿ ನಿರ್ಧರಿಸಿ, ಅದಕ್ಕೆ ಬೇಕಾದ ಒಂದು ಭಾಷೆ ಅಥವಾ ಲಿಪಿಯನ್ನು ದಿನಕ್ಕೆ ಅರ್ಧ ಗಂಟೆಯಂತೆ ಕಲಿಯತೊಡಗಿ. ಶಾಸನಗಳ ಕಡೆ ಒಲವಿರುವವರು ಲಿಪಿ ಮತ್ತು ಭಾಷೆ ಎರಡನ್ನೂ ಒಟ್ಟಿಗೆ ಹಿಡಿಯಬೇಕಾಗಿಲ್ಲ. ಅಚ್ಚಾದ ಪಾಠಗಳಿಂದ ಮೊದಲು ಭಾಷೆಯನ್ನು ಪಳಗಿಸಿಕೊಂಡು, ಅನಂತರ ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಪಡಿಯಚ್ಚಿನ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರಗಳನ್ನು ಗುರುತಿಸುವುದು ಸುಲಭದ ದಾರಿ. ಹೊಯ್ಸಳರ ಕಾಲದ ದುಂಡಾದ ಅಕ್ಷರಗಳು ಆರಂಭಿಕರಿಗೆ ಹೆಚ್ಚು ಒಗ್ಗುತ್ತವೆ. ಹಲ್ಮಿಡಿಯಂತಹ ಐದನೆಯ ಶತಮಾನದ ಬರಹವನ್ನು ಆಮೇಲೆ ನೋಡಬಹುದು.

ಕಿರುಪ್ರಬಂಧ

ವಿಷಯ ಸಣ್ಣದಿರಲಿ. ‘ಮೈಸೂರು ಸಂಸ್ಥಾನದ ಆಡಳಿತ’ ಎಂಬುದು ಒಂದು ಸೆಮಿಸ್ಟರಿನ ವಿಷಯವಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯು ದಸರಾ ಸಮಯದಲ್ಲಿ ಸೇರುತ್ತಿತ್ತು, ಅದರ ನಡಾವಳಿಗಳು ಅಚ್ಚಾಗಿವೆ. ಒಂದು ತಾಲ್ಲೂಕಿನ ಪ್ರತಿನಿಧಿಗಳು ಹತ್ತು ವರ್ಷಗಳಲ್ಲಿ ಕೆರೆಗಳ ದುರಸ್ತಿಯ ಬಗ್ಗೆ ಏನೇನು ಕೇಳಿದರು, ಸರ್ಕಾರ ಏನು ಉತ್ತರ ಕೊಟ್ಟಿತು, ಮುಂದಿನ ವರ್ಷ ಅದೇ ಮನವಿ ಮತ್ತೆ ಬಂದಿತೇ ಎಂಬುದು ಸಣ್ಣ ವಿಷಯ, ಆದರೆ ಅದರಲ್ಲಿ ರೈತ, ತಾಲ್ಲೂಕಿನ ಅಧಿಕಾರಿಯಾದ ಅಮಲ್ದಾರ, ಇಂಜಿನಿಯರ್ ಮತ್ತು ದಿವಾನರು ಎಲ್ಲರೂ ಕಾಣಿಸಿಕೊಳ್ಳುತ್ತಾರೆ. ಆ ಸಭೆಯಲ್ಲಿ ಯಾರಿಗೆ ಸ್ಥಾನವಿರಲಿಲ್ಲವೋ ಅವರ ದನಿ ನಡಾವಳಿಯಲ್ಲಿಯೂ ಇರುವುದಿಲ್ಲವೆಂಬುದನ್ನು ಮರೆಯದೆ, ಆ ಕೊರತೆಯನ್ನು ತುಂಬಲು ಊರಿಗೆ ಹೋಗಿ ಕೆರೆಯ ತೂಬನ್ನೂ ಏರಿಯ ಮೇಲಿನ ಕಲ್ಲುಗಳನ್ನೂ ನೋಡಿ, ಹಿರಿಯರನ್ನು ಮಾತನಾಡಿಸಿ ಬರಬೇಕು. ಅಲ್ಲಿ ವೀರಗಲ್ಲು ಕಂಡರೆ ಕೆಳಗಿನ ಅಂಕಣದಿಂದ ಮೇಲಕ್ಕೆ ಓದಿ: ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ದೇವರ ಸನ್ನಿಧಿ ಇರುತ್ತದೆ. ಅಕ್ಷರ ಚೆನ್ನಾಗಿ ಕಾಣಲೆಂದು ಸುಣ್ಣ, ಎಣ್ಣೆ, ಬಣ್ಣ ಯಾವುದನ್ನೂ ಬಳಿಯಬೇಡಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೊ ತೆಗೆದರೆ ಸವೆದ ಅಕ್ಷರವೂ ತಾನಾಗಿ ಎದ್ದು ಕಾಣುತ್ತದೆ.

ಬರೆಯುವಾಗ ಮೊದಲ ಅಧ್ಯಾಯವನ್ನು ‘ಪ್ರದೇಶದ ಭೌಗೋಳಿಕ ಹಿನ್ನೆಲೆ’ ಎಂದು ಗೆಜೆಟಿಯರಿನಿಂದ ತುಂಬಿಸುವ ಪದ್ಧತಿಯನ್ನು ಕೈಬಿಟ್ಟು, ನಿಮ್ಮ ಪ್ರಶ್ನೆಯಿಂದಲೇ ಆರಂಭಿಸಿ. ಮಳೆ, ಮಣ್ಣು, ಹೊಳೆಗಳು ಆ ಪ್ರಶ್ನೆಗೆ ಬೇಕಾದಲ್ಲಿ ಬರಲಿ. ಪ್ರತಿಯೊಂದು ಅಡಿಟಿಪ್ಪಣಿಯೂ ನೀವೇ ಕಣ್ಣಾರೆ ನೋಡಿದ ಪುಟಕ್ಕೆ ಹೋಗಬೇಕು. ಇನ್ನೊಬ್ಬರ ಪುಸ್ತಕದಲ್ಲಿ ಉದ್ಧರಿಸಿದ ಕಡತವನ್ನು ಬಳಸಿದ್ದರೆ ಆ ಪುಸ್ತಕವನ್ನೇ ಹೆಸರಿಸುವುದು ಪ್ರಾಮಾಣಿಕವಾದ ಕ್ರಮ, ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಸಾಮಾನ್ಯವಾಗಿ ಮೊದಲು ಕೈಯಿಡುವುದೂ ಅಲ್ಲಿಯೇ. ಕನ್ನಡದಲ್ಲಿ ಬರೆದರೆ ಬೆಲೆಯಿಲ್ಲವೆಂಬ ಅಳುಕನ್ನು ಇಟ್ಟುಕೊಳ್ಳಬೇಡಿ: ಶಾಸನಗಳ ಬಗ್ಗೆ ಅತ್ಯುತ್ತಮವಾದ ಕೆಲಸದಲ್ಲಿ ಎಷ್ಟೋ ಭಾಗ ಕನ್ನಡದಲ್ಲಿಯೇ ನಡೆದಿದೆ, ಮತ್ತು ನೀವು ಮಾತನಾಡಿಸಿ ಬಂದ ಊರಿನವರು ಓದಬಲ್ಲ ಭಾಷೆಯೂ ಅದೇ. ಸಲ್ಲಿಸುವ ಮುನ್ನ ಕೊನೆಯ ಒಂದು ವಾರವನ್ನು ಬರವಣಿಗೆಗೆ ಕೊಡದೆ ಪರಿಶೀಲನೆಗೆ ಇಟ್ಟುಕೊಂಡು, ಇಸವಿಗಳನ್ನೂ ಊರಿನ ಹೆಸರುಗಳನ್ನೂ ಕಡತದ ಸಂಖ್ಯೆಗಳನ್ನೂ ಮೂಲ ಟಿಪ್ಪಣಿಯೊಂದಿಗೆ ಒಂದೊಂದಾಗಿ ಹೋಲಿಸಿ ನೋಡಿ. ಒಂದು ಪ್ರತಿಯನ್ನು ವಿಭಾಗದ ಗ್ರಂಥಾಲಯಕ್ಕೆ ಕೊಟ್ಟಂತೆ, ಇನ್ನೊಂದನ್ನು ಆ ಊರಿನ ಶಾಲೆಗೆ ಅಥವಾ ಪಂಚಾಯಿತಿಯ ಗ್ರಂಥಾಲಯಕ್ಕೆ ತಲುಪಿಸಿ.